ಎಲ್ಲಕ್ಕನ ಸುಡ್ತಣ್ಣಿ

ರಕ್ತ ಕೊಟ್ಟವಳು ಎಲ್ಲಕ್ಕ. ತಲೆ ತಿರುಗಿ ಬಿದ್ದವನು ನಾನು.

ಸೇಲಂನಲ್ಲಿ ಡಾಕ್ಟರ್ ಕಾಳಿಯಪ್ಪನ್ ಅವರ ಕ್ಲಿನಿಕ್ಕು, ೧೯೯೮ರ ನವೆಂಬರಿನ ಒಂದು ಶನಿವಾರ. ನರ್ಸಮ್ಮ ಎಲ್ಲಕ್ಕನ ತೋಳಿಗೆ ಸೂಜಿ ಚುಚ್ಚಿದ್ದು, ಸಿರಿಂಜಿನೊಳಗೆ ಕೆಂಪು ಏರತೊಡಗಿದ್ದು, ನಾನು ವಿಜ್ಞಾನಿಯ ಗಾಂಭೀರ್ಯ ತಂದುಕೊಂಡು ಕನ್ನಡಕ ಮೇಲಕ್ಕೆ ತಳ್ಳಿಕೊಂಡದ್ದು, ಇಷ್ಟು ನೆನಪಿದೆ. ಆಮೇಲೆ ಕಂಡದ್ದು ಚಾವಣಿಯ ಫ್ಯಾನು. ಅದು ತಿರುಗುತ್ತಿರಲಿಲ್ಲ, ಕರೆಂಟು ಹೋಗಿತ್ತು. ಎಲ್ಲಕ್ಕ ಮೊಣಕೈ ಮಡಿಸಿ ಹತ್ತಿ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನದೇ ಫೈಲು ಹಿಡಿದು ನನಗೆ ಗಾಳಿ ಹಾಕುತ್ತಿದ್ದಳು. ಅವಳಿಗೆ ಉಬ್ಬಸ. ತನಗೇ ಸಾಲದ ಗಾಳಿಯನ್ನು ನನಗೆ ಹಂಚುತ್ತಿದ್ದಳು.

"ಏನ್ಲಾ ವಾತ್ಯಾರೆ, ರಕ್ತ ಓಗಿದ್ದು ನಂದು, ಮಯಕ್ಕ ಬಂದಿದ್ದು ನಿಂಗಾ?" ಎಂದಳು.

ವಾತ್ಯಾರು ಅಂದರೆ ಮೇಷ್ಟ್ರು, ತಮಿಳಿನಲ್ಲಿ. ನಾನು ಸೇಲಂನ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ರಸಾಯನಶಾಸ್ತ್ರ ಹೇಳುತ್ತಿದ್ದೇನೆ. ಕೇಳುತ್ತಿರುವವರು ಇದ್ದಾರೆಯೇ ಎಂದು ಅಳೆಯುವ ಉಪಕರಣ ನಮ್ಮ ಪ್ರಯೋಗಾಲಯಕ್ಕೆ ಇನ್ನೂ ಬಂದಿಲ್ಲ. ಎಲ್ಲಕ್ಕನೂ ನಾನೂ ಸೇಲಂ ಸೀಮೆಯ ನಂಗವಳ್ಳಿಯ, ಕನ್ನಡ ಮಾತಾಡುವ ಒಂದೇ ಬೀದಿಯವರು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಹಾಗಾಗಿ ನನ್ನ ಎಂಎಸ್ಸಿಗೆ ಅವಳು ಕೊಡುವ ಬೆಲೆ ಆ 'ಲಾ' ಎಂಬುದರ ಪಕ್ಕದಲ್ಲಿ ಕೂತ 'ವಾತ್ಯಾರೆ' ಅಷ್ಟೇ.

ಮದುವೆಯಾಗಿ ಗಂಡನ ಹಿಂದೆ ಏರ್ಕಾಡಿನ ಬೆಟ್ಟ ಹತ್ತಿದಳು. ಗಂಡ ಎಸ್ಟೇಟಿನ ಟ್ರಾಕ್ಟರು ಓಡಿಸುತ್ತಿದ್ದ, ಈಗಿಲ್ಲ. ಮಗಳು ತಾರಮಂಗಲದಲ್ಲಿ ಸಂಸಾರಸ್ಥೆ. ಎಲ್ಲಕ್ಕ ಮೂವತ್ತು ವರ್ಷದಿಂದ ಕಾಫಿ ಬೀಜ ಆಯುವ ಶೆಡ್ಡಿನಲ್ಲಿ, ಕಿಟಕಿಯಿಂದ ಎರಡನೆಯ ಜಾಗದಲ್ಲಿ ಕೂತಿದ್ದಾಳೆ. ಆಯುವ ಕೆಲಸ ನಾವು ತಿಳಿದಷ್ಟು ಸುಲಭದ್ದಲ್ಲ. ಮೇಜಿನ ಮೇಲೆ ಬೀಜ ಸುರಿದರೆ ಮೊದಲ ಸುತ್ತಿನಲ್ಲಿ ಒಳ್ಳೆಯದನ್ನು ತನ್ನತ್ತ ಎಳೆದುಕೊಳ್ಳಬೇಕು. ಎರಡನೆಯ ಸುತ್ತಿನಲ್ಲಿ, ಒಳ್ಳೆಯವರ ನಡುವೆ ಒಳ್ಳೆಯವರಂತೆ ಮುಖ ಮಾಡಿಕೊಂಡು ಕೂತ ಕಪ್ಪು, ಒಡಕು, ಹುಳ ಕೊರೆದ ಬೀಜಗಳನ್ನು ಹುಡುಕಿ ಕಾಲ ಬಳಿಯ ಬುಟ್ಟಿಗೆ ಎಸೆಯಬೇಕು.

"ಮೊದಲ್ನೇ ಸುತ್ತು ಕೋಳಿನೂ ಮಾಡ್ತದೆ," ಎನ್ನುತ್ತಿದ್ದಳು. "ಕೂಲಿ ಕೊಡೋದು ಎರಡ್ನೇದುಕ್ಕೆ."

ಈ ಮಾತನ್ನು ನಾನು ಆವತ್ತೇ ಮನಸ್ಸಿಗೆ ಹಾಕಿಕೊಂಡಿದ್ದರೆ ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಶೆಡ್ಡಿನ ಧೂಳು, ಬೆಟ್ಟದ ಚಳಿ, ಎರಡೂ ಸೇರಿ ಅವಳಿಗೆ ಉಬ್ಬಸ ಹಿಡಿದಿತ್ತು. ಡಾಕ್ಟರು ಥಿಯೋಫಿಲಿನ್ ಎಂಬ ಮಾತ್ರೆ ಕೊಟ್ಟಿದ್ದರು. ಅದು ಮುಂಗೋಪಿ ಔಷಧಿ. ರಕ್ತದಲ್ಲಿ ಲೀಟರಿಗೆ ಹತ್ತು ಮಿಲಿಗ್ರಾಮಿಗಿಂತ ಕಡಿಮೆಯಾದರೆ ಉಸಿರು ಬಿಡಿಸುವುದಿಲ್ಲ; ಇಪ್ಪತ್ತು ದಾಟಿದರೆ ಎದೆ ಹಾರುತ್ತದೆ, ಕೈ ನಡುಗುತ್ತದೆ, ಇನ್ನೂ ಏರಿದರೆ ಫಿಟ್ಸು. ಎಲ್ಲಕ್ಕನ ಕೈ ನಡುಗತೊಡಗಿತ್ತು. ಬೀಜ ಆಯುವವಳ ಕೈ ನಡುಗಿದರೆ ಬಸ್ ಡ್ರೈವರನ ಕಣ್ಣು ಮಂಜಾದ ಹಾಗೆ. ರಕ್ತದಲ್ಲಿ ಔಷಧಿ ಎಷ್ಟಿದೆ ನೋಡಬೇಕು, ಕೊಯಮತ್ತೂರಿಗೆ ಕಳಿಸಿದರೆ ಹತ್ತು ದಿನ ಆಗುತ್ತದೆ ಎಂದು ಡಾಕ್ಟರು ಹೇಳಿದಾಗ, ಪಕ್ಕದಲ್ಲಿದ್ದ ನಾನು ಬಾಯಿ ಮುಚ್ಚಿಕೊಂಡು ಇರಬಹುದಾಗಿತ್ತು.

"ನಮ್ಮ ಕಾಲೇಜಿನಲ್ಲಿ ಮೆಷಿನ್ ಇದೆಯಲ್ಲ ಸಾರ್, ನಾನೇ ನೋಡಿಬಿಡುತ್ತೇನೆ," ಎಂದೆ.

ರಕ್ತ ತೆಗೆಯುವ ಮೊದಲು ಪುಸ್ತಕದಲ್ಲಿ ಬರೆದಿದ್ದಂತೆ ಕೇಳಿಯೂ ಇದ್ದೆ.

"ಬೆಳಗ್ಗೆ ಕಾಫಿ ಕುಡಿದ್ಯಾ ಎಲ್ಲಕ್ಕ?"

"ಕಾಪಿನಾ? ಕಾಪಿಗೆ ನಾನೆಲ್ಲಿ ಓಗ್ಲಿ. ಸುಡ್ತಣ್ಣಿ ಕುಡ್ಕಂಡು ಬಸ್ಸತ್ತಿದೆ."

ಸುಡ್ತಣ್ಣಿ ಎಂದರೆ ಬಿಸಿನೀರು. ಅಷ್ಟು ತಮಿಳು ನನಗೆ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಅಂದವಾಗಿ ಬರೆದುಕೊಂಡೆ: ಕಾಫಿ ಇಲ್ಲ, ಬಿಸಿನೀರು ಮಾತ್ರ.

ನಮ್ಮ ಮೆಷಿನ್ ಎಂದರೆ ಕಣ್ಣಿಗೆ ಕಾಣದ ಬೆಳಕನ್ನು ದ್ರಾವಣದೊಳಗೆ ಹಾಯಿಸಿ, ದ್ರಾವಣ ಅದರಲ್ಲಿ ಎಷ್ಟು ನುಂಗಿತೆಂದು ಹೇಳುವ ಒಂದು ಪೆಟ್ಟಿಗೆ. ತೊಂದರೆ ಏನೆಂದರೆ, ಥಿಯೋಫಿಲಿನ್ನೂ ಕಾಫಿಯಲ್ಲಿರುವ ಕೆಫೀನೂ ಹೆಚ್ಚುಕಡಿಮೆ ಒಂದೇ ಬೆಳಕನ್ನು ನುಂಗುತ್ತವೆ. ಅದಕ್ಕೇ ಪುಸ್ತಕ ಹೇಳುತ್ತದೆ: ರಕ್ತದಿಂದ ತೆಗೆದದ್ದನ್ನು ಇನ್ನೊಂದು ಸಲ ಕ್ಷಾರದ ನೀರಿನಲ್ಲಿ ಕಲಕಿ ಬೇರ್ಪಡಿಸು, ಕೆಫೀನು ಹಿಂದೆ ಉಳಿದು ಥಿಯೋಫಿಲಿನ್ ಮಾತ್ರ ಮುಂದೆ ಬರುತ್ತದೆ. ಆಗ ನಾಲ್ಕೂಮುಕ್ಕಾಲು. ಅಟೆಂಡರು ಬೀಗದ ಕೈ ಗೊಂಚಲನ್ನು ಕುಲುಕುತ್ತ ಬಾಗಿಲಲ್ಲಿ ನಿಂತಿದ್ದರು. ಹೇಗೂ ಇವಳು ಕಾಫಿ ಕುಡಿದಿಲ್ಲವಲ್ಲ ಎಂದು ಆ ಎರಡನೆಯ ಸುತ್ತನ್ನು ಬಿಟ್ಟೆ.

ಪೆಟ್ಟಿಗೆ ಇಪ್ಪತ್ತೆಂಟು ಎಂದಿತು. ನಾನು ಟೈಪ್ ಮಾಡಿಸಿ, ಕೆಳಗೆ ಡಿಗ್ರಿ ಸಮೇತ ಸಹಿ ಹಾಕಿ ಕೊಟ್ಟೆ. ಡಾಕ್ಟರ್ ಕಾಳಿಯಪ್ಪನ್ ಗಾಬರಿಯಾಗಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.

ಡಿಸೆಂಬರಿನಲ್ಲಿ ಎಲ್ಲಕ್ಕ ಮತ್ತೆ ಕ್ಲಿನಿಕ್ಕಿಗೆ ಬಂದಳು. ಬೆಂಚಿನ ಮೇಲೆ ಕೂತು, ಎರಡೂ ಕೈಯನ್ನು ಮಂಡಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರೆಳೆದುಕೊಳ್ಳುತ್ತಿದ್ದಳು. ಒಂದು ವಾಕ್ಯ ಹೇಳಲು ಮೂರು ಕಡೆ ನಿಲ್ಲಬೇಕು. ನಮ್ಮ ಟೌನ್ ಬಸ್ಸಿನ ಹಾಗೆ.

"ನಮ್ಮ ಶೆಡ್ಡಿನ ಆಜ್ರಿ ಬರ್ಯೋ ರೈಟರು ಅವ್ನಲ್ಲ, ಮಣಿಕಂಠ... ಅವ್ನು ಏಳಿದ... ಬೀಜದ ಮೇಲೆ ಕೆಮ್ಮೋರು ಬ್ಯಾಡ ಅಂತ ಮೇನೇಜರು ಅಂದವ್ರಂತೆ. ಜನವರಿ ಕಡೇವರ್ಗೂ ನೋಡ್ತಾರಂತೆ. ಆಮೇಲೆ ಜಾಗ ಬಿಡ್ಬೇಕಂತೆ."

"ಮಣಿಕಂಠ ಒಳ್ಳೆಯವನಲ್ಲವಾ?"

"ಒಳ್ಳೇವ್ನೇ. ಅದ್ಕೇ ಮುಂಚೆನೇ ಏಳಿದ."

ಜಾಗ ಹೋದರೆ ಎಸ್ಟೇಟಿನವರು ಕೂಲಿಯವರಿಗೆ ಕೊಟ್ಟ ಲೈನಿನ ಮನೆಯೂ ಹೋಗುತ್ತದೆ. ಡಾಕ್ಟರು ನನ್ನ ರಿಪೋರ್ಟನ್ನು ಮತ್ತೊಮ್ಮೆ ನೋಡಿ, "ಇಪ್ಪತ್ತೆಂಟು ಅಂತ ನೀವೇ ಕೊಟ್ಟಿದ್ದೀರಿ ಸಾರ್, ಜಾಸ್ತಿ ಕೊಡಲು ಧೈರ್ಯ ಬರುವುದಿಲ್ಲ," ಎಂದು ಸುಸ್ತಾದ ದನಿಯಲ್ಲಿ ಹೇಳಿ ಮುಂದಿನ ರೋಗಿಯನ್ನು ಕರೆದರು. ನನ್ನ ಸಹಿ ಅಷ್ಟು ಕೆಲಸ ಮಾಡಿದ್ದು ಅದೇ ಮೊದಲು.

ಜನವರಿಯಲ್ಲಿ ನನ್ನನ್ನು ಬೆಂಗಳೂರಿಗೆ ರಿಫ್ರೆಶರ್ ಕೋರ್ಸಿಗೆ ಹಾಕಿದರು. ನಡುವಯಸ್ಸಿನ ಮೇಷ್ಟ್ರುಗಳನ್ನು ಒಂದೆಡೆ ಸೇರಿಸಿ, ಮಧ್ಯಾಹ್ನ ಮೊಸರನ್ನ ಹಾಕಿ, ದೀಪ ಆರಿಸಿ, ಸ್ಲೈಡು ತೋರಿಸಿ, ಅವರು ನಿದ್ದೆ ಮಾಡದಂತೆ ಕಾಯುವ ವ್ಯವಸ್ಥೆ ಅದು. ನಾನು ಕೊನೆಯ ಸಾಲಿನಲ್ಲಿದ್ದೆ. ಒಬ್ಬ ಸಣ್ಣ ವಯಸ್ಸಿನ ವಿಜ್ಞಾನಿ, ದೊಡ್ಡ ಕನ್ನಡಕದ ಹೆಣ್ಣುಮಗಳು, ಆರ್‌ಎನ್‌ಎ ಬಗ್ಗೆ ಹೇಳುತ್ತಿದ್ದಳು. ಕಣ್ಣು ಮುಚ್ಚುತ್ತಿದ್ದಾಗ 'ಥಿಯೋಫಿಲಿನ್' ಎಂಬ ಮಾತು ಕಿವಿಗೆ ಬಿತ್ತು. ತೆರೆಯ ಮೇಲೆ ಎರಡು ಅಣುಗಳು ಅಕ್ಕಪಕ್ಕ, ಅವಳಿ ಮಕ್ಕಳ ಹಾಗೆ. ಒಂದು ಎಲ್ಲಕ್ಕನ ಮಾತ್ರೆ, ಇನ್ನೊಂದು ಕೆಫೀನು.

ಅವಳು ಹೇಳಿದ್ದು ಹೀಗೆ. ಆರ್‌ಎನ್‌ಎ ಎಂದರೆ ನಾಲ್ಕೇ ಅಕ್ಷರಗಳಲ್ಲಿ ಪೋಣಿಸಿದ ಒಂದು ಎಳೆ. ಅಕ್ಷರಗಳ ಸಾಲು ಬೇರೆಯಾದರೆ ಎಳೆ ತನ್ನ ಮೇಲೆ ತಾನೇ ಮಡಚಿಕೊಳ್ಳುವ ರೀತಿಯೂ ಬೇರೆ. ಹೇಗೆಂದರೆ ಹಾಗೆ ಪೋಣಿಸಿದ ಕೋಟಿ ಕೋಟಿ ಎಳೆಗಳ ರಾಶಿಯನ್ನು, ಥಿಯೋಫಿಲಿನ್ ಅಂಟಿಸಿಟ್ಟ ಮಣಿಗಳ ಮೇಲೆ ಹರಿಸುತ್ತಾರೆ. ಬಹುಪಾಲು ಹರಿದುಹೋಗುತ್ತವೆ, ಎಲ್ಲೋ ಕೆಲವು ಕಚ್ಚಿಕೊಳ್ಳುತ್ತವೆ. ಕಚ್ಚಿಕೊಂಡವನ್ನು ತೆಗೆದು, ಸಾವಿರಾರು ಪ್ರತಿ ಮಾಡಿ, ಮತ್ತೆ ಹರಿಸುತ್ತಾರೆ. ಇದಿಷ್ಟು ಮೊದಲ ಸುತ್ತಿನ ಕೆಲಸ. ಆಮೇಲೆ ಮಣಿಗಳ ಮೇಲೆ ಕೆಫೀನಿನ ನೀರು ಹಾಯಿಸುತ್ತಾರೆ. ಕೆಫೀನನ್ನು ಕಂಡು ಮಣಿ ಬಿಟ್ಟು ಅದರ ಹಿಂದೆ ಹೋದ ಎಳೆಗಳೆಲ್ಲ ಕಸಕ್ಕೆ. ಅಷ್ಟಾದರೂ ಜಗ್ಗದೆ ಥಿಯೋಫಿಲಿನ್ನನ್ನೇ ಹಿಡಿದು ಕೂತವು ಮಾತ್ರ ಉಳಿಯುತ್ತವೆ. ಎಂಟು ಸುತ್ತು ಹೀಗೆ ಆಯ್ದರೆ ಸಿಗುವ ಎಳೆಗೆ ಆಪ್ಟಮರ್ ಎಂದು ಹೆಸರು. ಅದರ ಮಡಿಕೆಯ ನಡುವೆ ಥಿಯೋಫಿಲಿನ್ ಮೇಲೊಂದು ಕೆಳಗೊಂದು ಹಾಸಿನ ಮಧ್ಯೆ ಮಲಗಿದ ಹಾಗೆ ಕೂರುತ್ತದೆ. ಕೆಫೀನನ್ನು ಹಿಡಿಯುವುದಕ್ಕಿಂತ ಹತ್ತು ಸಾವಿರ ಪಟ್ಟು ಬಿಗಿಯಾಗಿ ಹಿಡಿಯುತ್ತದೆ.

"ಇದು ಏಕೆ ಮುಖ್ಯ ಎಂದರೆ," ಎಂದಳು ಆ ಹೆಣ್ಣುಮಗಳು, "ಅಜಾಗರೂಕತೆಯಿಂದ ಮಾಡಿದ ರಕ್ತಪರೀಕ್ಷೆಗಳು ಕೆಫೀನನ್ನೂ ಥಿಯೋಫಿಲಿನ್ ಎಂದೇ ಎಣಿಸಬಹುದು."

ಕೊನೆಯ ಸಾಲಿನಲ್ಲಿ ಅಜಾಗರೂಕತೆ ಎದ್ದು ಕೂತಿತು.

ಎಲ್ಲಕ್ಕ ಕಾಫಿ ಕುಡಿಯುವುದಿಲ್ಲ, ನಿಜ. ಆದರೆ ಕಾಫಿ ಶೆಡ್ಡಿನಲ್ಲಿ ಕೂರುವವಳು ಕುಡಿಯುವ ಬಿಸಿನೀರು ಎಂಥದ್ದು ಎಂದು ನಾನು ಕೇಳಿರಲಿಲ್ಲ. ಕೋರ್ಸಿಗೆ ಎರಡು ದಿನ ರಜೆ ಹಾಕಿ ಸೇಲಂ ಬಸ್ಸು ಹಿಡಿದೆ. ಜನವರಿ ಕಡೆಗೆ ಇನ್ನು ಒಂಬತ್ತೇ ದಿನ ಉಳಿದಿತ್ತು.

ಮರುದಿನ ಬೆಳಗ್ಗೆ ಏರ್ಕಾಡ್ ಬಸ್ಸು ಹದಿಮೂರನೆಯ ಕೊಂಡೈ ಊಸಿಯಲ್ಲಿ ನಿಂತಿತು. ಘಾಟಿಯ ತಿರುವುಗಳಿಗೆ ತಮಿಳಿನಲ್ಲಿ ಹಾಗೆಯೇ ಬೋರ್ಡು ಹಾಕಿದ್ದಾರೆ: ತುರುಬಿನ ಸೂಜಿ, ಇಪ್ಪತ್ತರಲ್ಲಿ ಇಷ್ಟನೆಯದು. ಸಿಲ್ವರ್ ಓಕ್ ದಿಮ್ಮಿ ಹೇರಿದ ಉದ್ದನೆಯ ಲಾರಿಯೊಂದು ತಿರುವಿನ ಒಳಮೂಲೆಗೆ ಹೇಳಿ ಹೊಲಿಸಿದ ಹಾಗೆ ಸಿಕ್ಕಿಕೊಂಡಿತ್ತು. ಜೀಪು, ಬಸ್ಸು, ಸ್ಕೂಟರು ಎಲ್ಲ ದಿನವೂ ಹಾಯುವ ತಿರುವು ಅದು. ಆ ಅಳತೆಯ ಲಾರಿ ಬಂದರೆ ಮಾತ್ರ ಕಚ್ಚಿಕೊಳ್ಳುತ್ತದೆ. ಒಂದೂವರೆ ಗಂಟೆ ಬೆಟ್ಟದ ಸಂಚಾರವೇ ನಿಂತಿತು.

ಕಂಡಕ್ಟರು ಬೀಡಿ ಹಚ್ಚಿದರು. ನಾನು ಕಲ್ಲಿನ ಮೇಲೆ ಕೂತು ಆ ಹೆಣ್ಣುಮಗಳ ಕೊನೆಯ ಸ್ಲೈಡನ್ನು ನೆನೆದೆ. ಆರ್‌ಎನ್‌ಎ ಎಳೆ ಮಡಚಿಕೊಂಡಾಗ ಬರುವ ತಿರುವಿಗೂ ವಿಜ್ಞಾನದಲ್ಲಿ ತುರುಬಿನ ಸೂಜಿ, ಹೇರ್‌ಪಿನ್, ಎಂದೇ ಹೆಸರು. ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ಯಂತ್ರ ಆರ್‌ಎನ್‌ಎ ಎಳೆಯ ತುದಿಯಿಂದ ಹೊರಟು ಬಸ್ಸಿನ ಹಾಗೆ ಸಾಗುತ್ತದೆ. ಹೋದ ವರ್ಷ ಯಾರೋ ಒಂದು ಬಣ್ಣದ ಅಣುವನ್ನು ಹಿಡಿಯುವ ಆಪ್ಟಮರನ್ನು ಆ ದಾರಿಯ ಮೊದಲಲ್ಲೇ ಹೊಲಿದು ಸೇರಿಸಿದ್ದಾರೆ. ಬಣ್ಣ ಇಲ್ಲದಾಗ ತಿರುವು ಸಡಿಲ, ಯಂತ್ರ ಹಾಯ್ದುಹೋಗಿ ಪ್ರೋಟೀನು ತಯಾರಾಗುತ್ತದೆ. ಬಣ್ಣ ಹಾಕಿದರೆ ಅದು ಬಂದು ತಿರುವಿನಲ್ಲಿ ಕೂರುತ್ತದೆ, ತಿರುವು ಬಿಗಿಯುತ್ತದೆ, ಯಂತ್ರ ನಿಲ್ಲುತ್ತದೆ, ಪ್ರೋಟೀನು ಬಂದ್. ಮನುಷ್ಯ ಕೈಯಾರೆ ಮಾಡಿದ ಸ್ವಿಚ್ಚು. ಒಂದು ಸಣ್ಣ ಅಣು ಬೆರಳಾಗಿ ಅದನ್ನು ಒತ್ತುತ್ತದೆ. ಅದ್ಭುತ ಸಂಗತಿ, ಆದರೆ ಬಸ್ಸಿನೊಳಗೆ ಕೂತವನಿಗೆ ಅದ್ಭುತ ಎನಿಸುವುದು ಕಷ್ಟ.

ಶೆಡ್ಡು ಸೇರಿದಾಗ ಹನ್ನೊಂದು ಗಂಟೆ. ಎಲ್ಲಕ್ಕ ಕಿಟಕಿಯಿಂದ ಎರಡನೆಯ ಜಾಗದಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿದ್ದಳು. ಮೂಲೆಯಲ್ಲಿ ಮೂರು ಕಲ್ಲಿನ ಮೇಲೆ ಒಂದು ತಗಡಿನ ಡಬ್ಬ ಕುದಿಯುತ್ತಿತ್ತು, ಪಕ್ಕದಲ್ಲಿ ಬೆಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಲೋಟದಲ್ಲಿ ಮೊಗೆದುಕೊಳ್ಳುತ್ತಿದ್ದರು.

"ಏನದು?"

"ಸುಡ್ತಣ್ಣಿ."

ಒಂದು ಲೋಟ ಇಸಿದುಕೊಂಡು ಬಾಯಿಗಿಟ್ಟೆ. ನನ್ನ ಜನ್ಮದಲ್ಲಿ ಅಷ್ಟು ಗಟ್ಟಿ ಕಾಫಿ ಕುಡಿದಿರಲಿಲ್ಲ, ಕಿವಿ ಬಿಸಿಯಾಯಿತು. ಅವರ ಕಾಲ ಬಳಿಯ ಬುಟ್ಟಿಗಳಲ್ಲಿ ಬಿದ್ದ ಕಪ್ಪು, ಒಡಕು, ಹುಳುಕು ಬೀಜವನ್ನೇ ಹುರಿದು ಕುಟ್ಟಿ ಕುದಿಸುತ್ತಿದ್ದರು.

"ದಿನಕ್ಕೆ ಎಷ್ಟು ಲೋಟ?"

"ಯಾರು ನೋಡ್ದೋರು. ಬಾಯಾರ್ದಾಗೆಲ್ಲ. ಎಂಟು, ಒಂಬತ್ತು."

"ಆವತ್ತು ರಕ್ತ ಕೊಡುವ ಮೊದಲು?"

"ಮೂರು. ಬಸ್ಸಲ್ಲಿ ಚಳಿ ಆಯ್ತದಲ್ಲ."

ಶೆಡ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತು ತಪ್ಪೊಪ್ಪಿಕೊಂಡೆ. ಎರಡನೆಯ ಸುತ್ತು ಬಿಟ್ಟೆ, ಸುಡ್ತಣ್ಣಿಯನ್ನೂ ಮಾತ್ರೆಯ ಲೆಕ್ಕಕ್ಕೆ ಸೇರಿಸಿಬಿಟ್ಟೆ, ನಿನ್ನ ಎರಡು ತಿಂಗಳ ಉಸಿರು ನನ್ನಿಂದ ಹೋಯಿತು ಎಂದೆ. ಬೈಯಲಿ ಎಂದು ಕಾದೆ. ಬೈಯಲು ಬೇಕಾದ ಉಸಿರು ಅವಳಲ್ಲಿರಲಿಲ್ಲ.

"ಎರಡೂ ಒಂದೇ ತರ ಇದ್ರೆ... ಯಾರಿಗಾದ್ರೂ ಎಂಗೆ ತಿಳೀತದೆ?" ಎಂದಳು.

ಆಪ್ಟಮರಿನ ಕತೆ ಹೇಳಿದೆ. ರಾಶಿ ಎಳೆ, ಮೊದಲ ಸುತ್ತು, ಕೆಫೀನು ಹಾಯಿಸಿ ನಟನೆಯವರನ್ನು ಓಡಿಸುವ ಸುತ್ತು. ಅವಳು ತಲೆಯಾಡಿಸಿದಳು, ಅದರಲ್ಲಿ ಅವಳಿಗೆ ಹೊಸದೇನೂ ಇರಲಿಲ್ಲ.

"ಆ ಎಳೆಗೂ ಕಣ್ಣು ಉರೀತದಾ?"

"ಅದಕ್ಕೆ ಕಣ್ಣಿಲ್ಲ."

"ಒಳ್ಳೇದು. ಮತ್ತೆ ಎಂಗೆ ಇಡೀತದೆ?"

"ತಡವಿ ನೋಡಿ. ಮಾತ್ರೆಯಲ್ಲಿ ಒಂದು ಮೂಲೆಯಲ್ಲಿ ಒಂದೇ ಒಂದು ಹೈಡ್ರೋಜನ್ ಇದೆ. ಕಾಫಿಯಲ್ಲಿ ಅದೇ ಮೂಲೆಯಲ್ಲಿ ಒಂದು ಸಣ್ಣ ಗಂಟು ಕೂತಿದೆ. ಮಿಕ್ಕಿದ್ದೆಲ್ಲ ಒಂದೇ. ಆ ಎಳೆ ನೋಡುವುದು ಅದೊಂದನ್ನೇ. ಹೈಡ್ರೋಜನ್ನಿನ 'ಹ' ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ."

"ಏನಿದ್ರೆ?"

"ಹ."

"ಅ?"

"ಅ ಅಲ್ಲ, ಹ."

"ಅದೇ ನಾನೂ ಏಳಿದ್ದು. ಅ."

ನಂಗವಳ್ಳಿಯ ಕನ್ನಡದಲ್ಲಿ ಹಕಾರಕ್ಕೆ ಜಾಗವಿಲ್ಲ. ಹಾಲು ಆಲು, ಹಕ್ಕಿ ಅಕ್ಕಿ, ಹತ್ತು ಎಂದರೂ ಅತ್ತು ಎಂದರೂ ಒಂದೇ ಮಾತು. ನಾನು ಓದಿದ ಮೇಲೆ ಕಷ್ಟಪಟ್ಟು ಹಕಾರ ಸಂಪಾದಿಸಿದೆ. ಆತುರದಲ್ಲಿ ಈಗಲೂ ಜಾರಿಹೋಗುತ್ತದೆ. ಎಲ್ಲಿಂದಲೋ ಬಂದ ನಾಲ್ಕಕ್ಷರದ ಎಳೆಯೊಂದು ಆ ಒಂದು ಹಕಾರವನ್ನು ಹತ್ತು ಸಾವಿರ ಪಟ್ಟು ಗುರುತು ಹಿಡಿಯುತ್ತದೆ. ನನ್ನ ಕಾಲೇಜಿನ ಪೆಟ್ಟಿಗೆ ಮಾತ್ರ, ನನ್ನ ಹಾಗೆಯೇ, ಅಪ್ಪಟ ನಂಗವಳ್ಳಿಯದು.

ರೈಟರ್ ಮಣಿಕಂಠನನ್ನು ಕಂಡು ಮಾತಾಡಿದೆ. ಅವನೂ ದಣಿದ ಮನುಷ್ಯನೇ. "ತಿಂಗಳ ಕಡೇವರ್ಗೂ ನನ್ನ ಕೈಯಾಗ ಐತೆ ಸಾರ್. ಆಮೇಲೆ ಮೇನೇಜರ್ ಕೈಯಾಗ," ಎಂದ.

ಎಲ್ಲಕ್ಕನನ್ನು ಅವತ್ತೇ ಕೆಳಗೆ ಕರೆದುಕೊಂಡು ಹೋದೆ. ಮತ್ತೆ ರಕ್ತ ತೆಗೆದರು. ನಾನು ಗೋಡೆ ನೋಡುತ್ತ ನಿಂತಿದ್ದೆ. ಈ ಸಲ ಅಟೆಂಡರನ್ನು ಟೀ ಕುಡಿಯಲು ಕಳಿಸಿ, ಕ್ಷಾರದ ನೀರಿನಲ್ಲಿ ಎರಡು ಸಲ ಬೇರ್ಪಡಿಸಿ, ಪುಸ್ತಕವನ್ನು ಮುಂದೆ ತೆರೆದಿಟ್ಟುಕೊಂಡು ಅಳೆದೆ. ಆರು ಬಂತು. ಹತ್ತು ಇರಬೇಕಾದ ಕಡೆ ಆರು. ಅದೇ ರಕ್ತವನ್ನು ನವೆಂಬರಿನ ಹಾಗೆ ಸೋಮಾರಿತನದಿಂದ ಅಳೆದರೆ ಇಪ್ಪತ್ತೊಂದು ಎನ್ನುತ್ತಿತ್ತು. ಎರಡೂ ಅಂಕಿಯನ್ನು ಬರೆದು ಡಾಕ್ಟರ ಮುಂದಿಟ್ಟೆ. ಡಿಗ್ರಿ ಹಾಕಲಿಲ್ಲ.

ಕಾಳಿಯಪ್ಪನ್ ಎರಡೂ ಅಂಕಿಯ ಕೆಳಗೆ ಗೆರೆ ಎಳೆದರು. ಆಮೇಲೆ ಚೀಟಿಯಲ್ಲಿ ಅರ್ಧ ಎಂಬುದನ್ನು ಹೊಡೆದು ಒಂದು ಎಂದು ತಿದ್ದಿದರು. "ಕೈ ನಡುಗಿದ್ದು ಮಾತ್ರೆಯಿಂದಲ್ಲ, ಆ ನೀರಿನಿಂದ," ಎಂದರು. "ದಿನಕ್ಕೆ ಎರಡು ಲೋಟ ಸಾಕು. ಪೂರ್ತಿ ಬಿಡಿಸಬೇಡಿ, ಕೆಫೀನೂ ಸ್ವಲ್ಪ ಉಸಿರು ಬಿಡಿಸುತ್ತದೆ. ಈ ಎರಡು ತಿಂಗಳು ಅವರ ಉಸಿರನ್ನು ಅಷ್ಟಿಷ್ಟು ಕಾದದ್ದು ಅದೇ ಇರಬೇಕು. ನಾವಿಬ್ಬರಂತೂ ಅಲ್ಲ."

ಜನವರಿ ಮೂವತ್ತರಂದು ಮ್ಯಾನೇಜರು ಶೆಡ್ಡಿಗೆ ಬಂದು, ಎಲ್ಲಕ್ಕನ ಬೆನ್ನ ಹಿಂದೆ ಕಾಲು ಗಂಟೆ ನಿಂತರಂತೆ. ಅವಳು ಎರಡು ಸುತ್ತು ಆಯ್ದು ಮುಗಿಸುವವರೆಗೂ ಕೆಮ್ಮು ಬರಲಿಲ್ಲ, ಕೈಯೂ ನಡುಗಲಿಲ್ಲ. ಅವರು ಮುಂದಿನ ಮೇಜಿಗೆ ಹೋದರು, ಅವಳ ಜಾಗ ಉಳಿಯಿತು. ಅವರು ಹೋದ ಮೇಲೆ ಹೊರಗೆ ಬಂದು, ಅಷ್ಟು ಹೊತ್ತು ತಡೆದಿದ್ದನ್ನೆಲ್ಲ ಒಟ್ಟಿಗೆ ಕೆಮ್ಮಿದಳು ಎಂದು ಮಣಿಕಂಠ ಫೋನಿನಲ್ಲಿ ಹೇಳಿದ.

ಫೆಬ್ರವರಿಯಲ್ಲಿ, ಉತ್ತರಪತ್ರಿಕೆಗಳ ಕಟ್ಟುಗಳಿಂದ ತಪ್ಪಿಸಿಕೊಂಡು, ಒಂದು ಭಾನುವಾರ ಬೆಟ್ಟ ಹತ್ತಿದೆ. ಎಲ್ಲಕ್ಕ ಲೈನಿನ ಮನೆಯ ಮುಂದೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಮಾತು ಈಗ ನಡುವೆ ನಿಲ್ಲದೆ ಕೊನೆ ಮುಟ್ಟುತ್ತಿತ್ತು. ನನಗೊಂದು, ಅವಳಿಗೊಂದು ಲೋಟ ಸುಡ್ತಣ್ಣಿ ಬಗ್ಗಿಸಿದಳು. ಅದು ಅವಳ ದಿನದ ಎರಡನೆಯದು, ಕಡೆಯದು.

ಶೆಡ್ಡಿನಲ್ಲಿ ಆ ಲೋಟ ಕುಡಿದ ದಿನದಿಂದ ಕಾಡುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಆವತ್ತು ಕಾಫಿ ಕುಡಿದ್ಯಾ ಅಂತ ಅಷ್ಟು ಸ್ಪಷ್ಟವಾಗಿ ಕೇಳಿದೆನಲ್ಲ ಎಲ್ಲಕ್ಕ, ಇದು ಕಾಫಿ ಅಂತ ಯಾಕೆ ಹೇಳಲಿಲ್ಲ?"

ಎಲ್ಲಕ್ಕ ಲೋಟವನ್ನು ಊದಿ, ಒಂದು ಗುಟುಕು ಕುಡಿದು, ನನ್ನನ್ನು ನೋಡಿದಳು.

"ಕಾಪಿ ಯಾವ್ದು ಅಂತ ಆಯೋಳು ನಾನು ಕಣ್ಲಾ. ಇದು ಕಾಪಿ ಅಲ್ಲ ಅಂತ ನಾನೇ ಎಸ್ದಿದ್ದು."